ನಾಲ್ಕು ನಿಮಿಷದ ಹಾಡಿಗೆ ಎಷ್ಟು ದಿನ?

2025ರ ಫೆಬ್ರವರಿಯಲ್ಲಿ ಹಂಗಾರಕಟ್ಟೆ ಕಡೆಯ ತಾಯಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದರು. ಮಗ ಬಿ.ಕಾಂ. ಎರಡನೇ ವರ್ಷ. ಗೆಳೆಯರೊಡನೆ ಸೇರಿ ಕುಂದಾಪ್ರ ಕನ್ನಡದಲ್ಲಿ ಹಾಡು ಕಟ್ಟಿದ್ದಾನೆ, ಈಗ ಅದಕ್ಕೆ ವಿಡಿಯೋ ಮಾಡಬೇಕಂತೆ. ‘ಬೇಡ ಎನ್ನಲು ಮನಸ್ಸಿಲ್ಲ, ಹೂಂ ಎನ್ನಲು ಧೈರ್ಯವಿಲ್ಲ. ಇದಕ್ಕೆ ಎಷ್ಟು ದಿನ ಹಿಡಿಯುತ್ತದೆ? ಪರೀಕ್ಷೆಯ ಗತಿ ಏನು?’ ಎಂದು ಕೇಳಿದ್ದರು. ಜೊತೆಗೆ ಮಗ ತಯಾರಿಸಿದ್ದ ಪಟ್ಟಿಯ ಪ್ರತಿಯೂ ಇತ್ತು.

ಹುಚ್ಚು ಹೊಸದಲ್ಲ. ಪಕ್ಕದ ಕೋಟದ ಶಿವರಾಮ ಕಾರಂತರೇ 1930ರ ಸುಮಾರಿಗೆ ಮೂಕಿ ಚಿತ್ರ ತೆಗೆದವರು. ಆದರೆ ಆ ಪಟ್ಟಿ ನೋಡಿ ನನಗೆ ನಗು ಬಂತು. ಹಾಡಿನ ಧ್ವನಿಮುದ್ರಣ ಮೇ ತಿಂಗಳು, ಶೂಟಿಂಗ್ ಒಂದು ದಿನ, ಎಡಿಟಿಂಗ್ ಮೂರು ದಿನ, ಬಿಡುಗಡೆ ಆಸಾಡಿ ಅಮಾವಾಸ್ಯೆ. 2019ರಿಂದ ಆ ದಿನವನ್ನು ವಿಶ್ವ ಕುಂದಾಪ್ರ ಕನ್ನಡ ದಿನವೆಂದು ಆಚರಿಸುತ್ತಾರಲ್ಲ, ಅದಕ್ಕೇ ಹುಡುಗರ ಹಟ. 2025ರಲ್ಲಿ ಅದು ಜುಲೈ 24ಕ್ಕೆ ಬಿದ್ದಿತ್ತು.

ನಾನು ಫೋನು ಮಾಡಿ, ಪಟ್ಟಿಯನ್ನು ಕೊನೆಯಿಂದ ಹಿಂದಕ್ಕೆ ಬರೆ ಎಂದೆ. ಜುಲೈ 24ಕ್ಕೆ ಬಿಡುಗಡೆಯಾದರೆ 20ಕ್ಕೆ ಎಲ್ಲ ಮುಗಿದಿರಬೇಕು. ಮೈಸೂರಿನವರಿಗೂ ಅರ್ಥವಾಗಲೆಂದು ಕೆಳಗೆ ಸಾಲುಗಳನ್ನು ಹಾಕುವುದು, ಬಣ್ಣ ಸರಿಪಡಿಸುವುದು, ನಾಲ್ಕು ಜನ ನೋಡಿ ತಪ್ಪು ಹೇಳುವುದು, ಇದಕ್ಕೆಲ್ಲ ಎರಡು ವಾರ ಬೇಕು. ಜೂನ್‌ನಲ್ಲಿ ಪರೀಕ್ಷೆ. ಆ ತಿಂಗಳು ಕ್ಯಾಮರಾ ಮುಟ್ಟಕೂಡದು ಎಂಬುದು ತಂದೆಯ ಷರತ್ತು. ಅಲ್ಲಿಗೆ ಹುಡುಗನ ಆರು ತಿಂಗಳು ಮೂರೂವರೆಗೆ ಇಳಿಯಿತು.

ಇನ್ನು ಶೂಟಿಂಗಿನ ‘ಒಂದು ದಿನ’. ನಾಲ್ಕು ನಿಮಿಷವೆಂದರೆ 240 ಸೆಕೆಂಡು. ಅವನು ತೋರಿಸಿದ ಮಾದರಿಗಳಲ್ಲಿ ಮೂರು ಸೆಕೆಂಡಿಗೊಮ್ಮೆ ದೃಶ್ಯ ಬದಲಾಗುತ್ತದೆ. ಎಂದರೆ 80 ತುಣುಕು. ಒಂದೊಂದಕ್ಕೆ ಕಾಲು ಗಂಟೆಯೆಂದರೂ 20 ಗಂಟೆ. ಕರಾವಳಿಯ ಬೇಸಿಗೆಯಲ್ಲಿ ಬೆಳಗ್ಗೆ ಒಂಬತ್ತೂವರೆಯಿಂದ ನಾಲ್ಕರ ತನಕ ಬಿಸಿಲು ನೆತ್ತಿಯ ಮೇಲಿದ್ದು ಮುಖದ ಮೇಲೆಲ್ಲ ನೆರಳು. ಉಳಿಯುವ ಒಳ್ಳೆಯ ಬೆಳಕು ದಿನಕ್ಕೆ ಐದೂವರೆ ಗಂಟೆ. ಲೆಕ್ಕ ಹಾಕಿ: ನಾಲ್ಕು ದಿನ! ಅದು ಆಗದು ಎಂದಾದರೆ ಎಂಟು ಸೆಕೆಂಡಿನ ಮೂವತ್ತು ದೃಶ್ಯ ಸಾಕು ಎಂದು ಈಗಲೇ ತೀರ್ಮಾನಿಸಬೇಕು, ದಕ್ಕೆಯಲ್ಲಿ ನಿಂತು ಅಲ್ಲ.

ಹಾಡು ಮೇ ತಿಂಗಳಲ್ಲಿ ಎಂಬುದಂತೂ ತಿರುವುಮುರುವು. ಕ್ಯಾಮರಾದ ಮುಂದೆ ಹಾಡು ಹಾಕಿಕೊಂಡೇ ತುಟಿ ಆಡಿಸುವುದು. ಆ ಹೊತ್ತಿಗೆ ಕೊನೆಯ ರೂಪದ ಹಾಡು ಕೈಯಲ್ಲಿರಬೇಕು. ನಿಧಾನಗತಿಯ ದೃಶ್ಯವಿದ್ದರೆ ಇನ್ನೊಂದು ಫಜೀತಿ. ಸೆಕೆಂಡಿಗೆ 25ರ ಬದಲು 50 ಚಿತ್ರ ತೆಗೆಯುವಾಗ ಹಾಡನ್ನೂ ಇಮ್ಮಡಿ ವೇಗದಲ್ಲಿ ಹಾಕಿ, ಅದಕ್ಕೆ ತುಟಿ ಹೊಂದಿಸಬೇಕು. ನೋಡುವವರಿಗೆ ನಗು, ಮಾಡುವವನಿಗೆ ಎರಡು ಸಂಜೆಯ ಅಭ್ಯಾಸ.

ಧಾಟಿ ಯಾರದು ಎಂದೂ ಕೇಳಿದೆ. 2022ರಲ್ಲಿ ‘ಕಾಂತಾರ’ದ ‘ವರಾಹ ರೂಪಂ’ ತಮ್ಮ ‘ನವರಸಂ’ ಹಾಡನ್ನು ಹೋಲುತ್ತದೆಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ನ್ಯಾಯಾಲಯಕ್ಕೆ ಹೋಗಿ, ಓಟಿಟಿಗೆ ಬಂದಾಗ ಆ ಹಾಡು ಕೆಲಕಾಲ ಬೇರೆ ಧಾಟಿಯಲ್ಲಿ ಕೇಳಿಸಿದ್ದು ನೆನಪಿರಬಹುದು. ಅಷ್ಟು ದೊಡ್ಡವರಿಗೇ ಹಾಗಾದರೆ ನಮ್ಮ ಹುಡುಗರ ಪಾಡೇನು? ಪುಣ್ಯಕ್ಕೆ ಇವರದು ಅಜ್ಜಿಯ ಬಾಯಲ್ಲಿದ್ದ ನಟ್ಟಿಯ ಹಾಡಿನ ಧಾಟಿ. ಮೊದಲ ಚರಣವನ್ನು ಅಜ್ಜಿಯೇ ಹಾಡುವುದೆಂದೂ ಇತ್ತು. ಅದು ಪಟ್ಟಿಯಲ್ಲಿ ಎಲ್ಲಿತ್ತು? ಜುಲೈಯಲ್ಲಿ, ಕಟ್ಟಕಡೆಗೆ. ‘ಅಜ್ಜಿ ಮನೆಯಲ್ಲೇ ಇದ್ದಾರಲ್ಲ ಸಾರ್, ಯಾವಾಗ ಬೇಕಾದರೂ ಆಗುತ್ತದೆ.’ ಅದನ್ನು ಮಾರ್ಚ್ ಮೊದಲ ಭಾನುವಾರಕ್ಕೆ ತಂದೆವು. ಒಳಕೋಣೆ, ಫ್ಯಾನ್ ಬಂದ್, ಕಿಟಕಿಗೆ ಕಂಬಳಿ.

ಏಪ್ರಿಲ್ 13ರ ಭಾನುವಾರ ಹಂಗಾರಕಟ್ಟೆ ದಕ್ಕೆಯಲ್ಲಿ ಪರೀಕ್ಷಾರ್ಥ ಶೂಟಿಂಗ್. ಬೆಳಗ್ಗೆ ದೋಣಿಯಲ್ಲಿ ಕೂತ ಹುಡುಗನನ್ನು ದಕ್ಕೆಯ ಮೇಲಿಂದ ತೆಗೆದರು. ಉಳಿದರ್ಧ ಊಟದ ಹೊತ್ತಿಗೆ. ಮನೆಗೆ ಹೋಗಿ ಎರಡನ್ನೂ ಜೋಡಿಸಿದರೆ ಅರ್ಧ ಸಾಲಿಗೆ ದೋಣಿ ಕೆಳಗೆ, ಮುಂದಿನರ್ಧಕ್ಕೆ ದಕ್ಕೆಯ ಮಟ್ಟಕ್ಕೆ! ಹುಣ್ಣಿಮೆಯ ಬೆನ್ನಿಗೇ ಬಂದ ದಿನ, ಭರತ ಇಳಿತ ಜೋರು. ಸೀತಾ, ಸ್ವರ್ಣಾ ಎರಡೂ ಕಡಲು ಸೇರುವ ಅಳಿವೆ ಹತ್ತಿರವೇ ಇದೆ. ಅಲ್ಲೇ ಹುಟ್ಟಿ ಬೆಳೆದ ಹುಡುಗರಿಗೆ ಇದು ಹೊಳೆದಿರಲಿಲ್ಲ. ಅವರ ಅಜ್ಜಂದಿರನ್ನು ಕೇಳಿದ್ದರೆ ತಿಥಿ ನೋಡಿ ಹೇಳುತ್ತಿದ್ದರು. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಅಷ್ಟಮಿಯ ಆಸುಪಾಸಿನಲ್ಲಿ ನೀರಿನ ಏರಿಳಿತ ಕಡಿಮೆ. ಪಟ್ಟಿಯ ಪಕ್ಕಕ್ಕೆ ಪಂಚಾಂಗವೂ ಬಂತು.

ಮುಖ್ಯ ಶೂಟಿಂಗಿಗೆ ಮೇ 24, 25 ಎಂದು ಗೊತ್ತುಮಾಡಿದೆವು. ಅದಕ್ಕೆ ಹಿಂದೆ ಹೋಗುವಂತಿರಲಿಲ್ಲ. ಯಕ್ಷಗಾನದ ಒಂದು ವೇಷ ಬೇಕಿತ್ತು. ಮೇಳದ ತಿರುಗಾಟ ಮುಗಿಯುವ ತನಕ ಕಲಾವಿದರಿಗೆ ರಾತ್ರಿಯೆಲ್ಲ ಆಟ, ಹಗಲು ನಿದ್ದೆ. ಮುಂದೆಯೂ ಹೋಗುವಂತಿರಲಿಲ್ಲ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ. ಕಡಲಲ್ಲಿ ಬೋಟು, ಕೋಡಿಬೆಂಗ್ರೆಯ ಮರಳಲ್ಲಿ ವೇಷ, ಹಿಂದೆ ಮುಳುಗುವ ಸೂರ್ಯ: ಮೂರೂ ಒಟ್ಟಿಗೆ ಸಿಗುವುದು ಅದೊಂದೇ ವಾರ. ಹೊಳೆ ದಾಟುವ ಹೊತ್ತನ್ನೂ ಕೇಳಿ ಬರೆದುಕೊಂಡಿದ್ದರು. ದಾಟದಿದ್ದರೆ ಬ್ರಹ್ಮಾವರ, ಸಂತೆಕಟ್ಟೆ, ಕೆಮ್ಮಣ್ಣು ಎಂದು ಸುತ್ತಬೇಕು.

ಆದರೆ ಪಟ್ಟಿ ಬಿಗಿಯಾಗಿದ್ದೇ ಮುಳುವಾಯಿತು. ಹವಾಮಾನ ಇಲಾಖೆ ಮೇ 10ರಂದೇ, ಮುಂಗಾರು ಕೇರಳಕ್ಕೆ ಜೂನ್ 1ರ ಬದಲು ಮೇ 27ಕ್ಕೆ ಬರುತ್ತದೆ, ನಾಲ್ಕು ದಿನ ಹಿಂದುಮುಂದಾಗಬಹುದು ಎಂದಿತ್ತು. ಪತ್ರಿಕೆಯಲ್ಲಿ ನಾನೂ ಓದಿದ್ದೆ. ಕೇರಳಕ್ಕೆ ತಾನೇ, ನಮಗಿನ್ನೂ ಸಮಯವಿದೆ ಎಂದುಕೊಂಡೆ. ನಾಲ್ಕು ದಿನದ ಮಾತು ಕಣ್ಣಿಗೆ ಬಿದ್ದೂ ತಲೆಗೆ ಇಳಿಯಲಿಲ್ಲ. ಮಳೆ ಮೇ 24ಕ್ಕೇ ಬಂತು, 2009ರ ನಂತರ ಅಷ್ಟು ಬೇಗ ಬಂದದ್ದೇ ಇರಲಿಲ್ಲ. ನಮ್ಮ ಕರಾವಳಿಯಲ್ಲೂ ಧೋ ಎಂದು ಸುರಿಯಿತು. ಬಾಡಿಗೆ ಕ್ಯಾಮರಾದ ಮುಂಗಡ ಹೋಯಿತು. ಒಂದು ವಾರ ಮುಂಚೆ, ವೇಷವಿಲ್ಲದ ದೃಶ್ಯಗಳನ್ನಾದರೂ ಮುಗಿಸಿ ಎಂದು ನಾನು ಹೇಳಬಹುದಿತ್ತು. ಕಡಲಿಗೂ ವೇಷಕ್ಕೂ ಗಂಟು ಹಾಕಿದ್ದು ನಾವೇ.

ತಾಯಿಗೆ ಫೋನು ಮಾಡಲು ಎರಡು ದಿನ ಹಿಂಜರಿದೆ. ಅವರೇ ಮಾಡಿದರು. ಮಗ ಪುಸ್ತಕ ಹಿಡಿದಿದ್ದಾನೆ, ಬೇಸರದಲ್ಲಿದ್ದಾನೆ, ಷರತ್ತು ಮಾತ್ರ ಮುರಿದಿಲ್ಲ ಎಂದರು. ಜೂನ್ ಪೂರ್ತಿ ಪಟ್ಟಿ ಖಾಲಿಯೇ ಉಳಿಯಿತು. ಅದೇ ತಿಂಗಳು ಅಜ್ಜಿಗೆ ಕೆಮ್ಮು ಹಿಡಿದು ಸ್ವರ ಬಿದ್ದುಹೋಯಿತು.

ಜುಲೈ ಮೊದಲ ವಾರ ಪರೀಕ್ಷೆ ಮುಗಿಸಿ ಬಂದ ಹುಡುಗರು ಮಳೆಯನ್ನೇ ಒಳಗೆ ತಂದರು. ಗದ್ದೆಯಲ್ಲಿ ನಟ್ಟಿ ನಡೆದಿತ್ತು. ಕೊಡೆ ಹಿಡಿಯಲು ಒಬ್ಬ, ಕ್ಯಾಮರಾಕ್ಕೆ ಒಬ್ಬ. ವೇಷವನ್ನು ಹಳೆಯ ಮನೆಯ ಚಾವಡಿಯಲ್ಲಿ ದೀಪ ಹಚ್ಚಿ ತೆಗೆದರು. ಕಡಲು ಇಲ್ಲವೇ ಇಲ್ಲ. ದೋಣಿ ಕಾಣುವುದು ಒಂದೇ ಕಡೆ, ಏಪ್ರಿಲ್ 13ರ ಬೆಳಗಿನ ಆ ಅರ್ಧ ಸಾಲು. 24ರ ಬೆಳಗ್ಗೆ ಹಾಡು ಬಿಡುಗಡೆಯಾಯಿತು.

ಅಜ್ಜಿಗೆ ಮೊಬೈಲಿನಲ್ಲಿ ತೋರಿಸಿದರಂತೆ. ಚಿತ್ರ ಸರಿಯಾಗಿ ಕಾಣಲಿಲ್ಲ, ಕಿವಿಗೆ ಹಿಡಿದುಕೊಂಡು ಕೇಳಿದರಂತೆ. ‘ನನ್ ಸ್ವರ ಹೀಂಗಿತ್ತಾ?’ ಎಂದು ಮತ್ತೊಮ್ಮೆ ಹಾಕಿಸಿಕೊಂಡರೆಂದು ತಾಯಿ ಬರೆದಿದ್ದಾರೆ. ಮಾರ್ಕ್ಸ್ ಕಾರ್ಡಿನ ವಿಷಯ ಪತ್ರದಲ್ಲಿಲ್ಲ; ನಾನೂ ಕೇಳಲು ಹೋಗಲಿಲ್ಲ.