ದಿನದ ಲೆಕ್ಕ, ತಲೆಯ ಲೆಕ್ಕ

2025ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಸಹಕಾರಿ ಸಕ್ಕರೆ ಕಾರ್ಖಾನೆಗಳಿಗೆ ಒಂದು ನೆರವನ್ನು ಪ್ರಕಟಿಸಿತು. ಕಬ್ಬಿನಿಂದ ಎಥೆನಾಲ್ ತೆಗೆಯುವ ಘಟಕವನ್ನು ಮೆಕ್ಕೆಜೋಳ, ಹಾಳಾದ ಧಾನ್ಯಗಳಿಂದಲೂ ತೆಗೆಯುವಂತೆ ಮಾರ್ಪಡಿಸಲು ಕಾರ್ಖಾನೆ ಸಾಲ ಮಾಡಿದರೆ, ಆ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ ಶೇ 6ರಷ್ಟನ್ನೋ ಬ್ಯಾಂಕು ಹಾಕುವ ಬಡ್ಡಿಯ ಅರ್ಧವನ್ನೋ, ಯಾವುದು ಕಡಿಮೆಯೋ ಅದನ್ನು, ಐದು ವರ್ಷ ಸರ್ಕಾರವೇ ಭರಿಸುತ್ತದೆ. ಕಬ್ಬು ನುರಿಸುವ ಹಂಗಾಮು ನಾಲ್ಕೈದು ತಿಂಗಳಿಗೆ ಮುಗಿದುಹೋಗುತ್ತದೆ, ಆಮೇಲೆ ಘಟಕಕ್ಕೆ ಕೆಲಸವಿರುವುದಿಲ್ಲ, ಕಾರ್ಖಾನೆ ವರ್ಷವಿಡೀ ನಡೆಯಬೇಕು ಎಂಬುದು ಅದಕ್ಕೆ ಕೊಟ್ಟ ಕಾರಣ.

ಕಾರಣ ಸರಿಯಾಗಿಯೇ ಇದೆ. ಆದರೆ ಹಂಗಾಮು ಮುಗಿದಾಗ ಕೆಲಸ ಕಳೆದುಕೊಳ್ಳುವುದು ಯಂತ್ರವೊಂದೇ ಅಲ್ಲವಲ್ಲ. ಯಂತ್ರದ ವರ್ಷ ತುಂಬಿದರೆ ಕೆಲಸಗಾರರ ವರ್ಷವೂ ತಾನಾಗಿ ತುಂಬುತ್ತದೆಯೇ? ಹಂಗಾಮಿನ ಕೆಲಸ ಕೊಡುವ ಉದ್ಯಮಗಳಿಗೆ ಆ ಕೆಲಸದ ಕಾಲವನ್ನು ಹಿಗ್ಗಿಸಲು ಸಾರ್ವಜನಿಕ ಹಣ ಕೊಡಬಹುದೇ, ಕೊಟ್ಟರೆ ಯಾವುದಕ್ಕೆ ಕೊಡಬೇಕು? ಕೊಡಬಹುದು ಎಂಬುದೇ ನನ್ನ ನಿಲುವು. ಆದರೆ ಆ ಹಣವನ್ನು ಯಂತ್ರಕ್ಕಾಗಲಿ, ನೇಮಕವಾದ ತಲೆಗಳ ಎಣಿಕೆಗಾಗಲಿ ಕಟ್ಟಿಹಾಕದೆ, ಒಬ್ಬ ಕೆಲಸಗಾರನಿಗೆ ನಿಜವಾಗಿ ಹೆಚ್ಚಿದ ಕೆಲಸದ ದಿನಗಳಿಗೆ ಕಟ್ಟಬೇಕು.

ಬೆಳಗಾವಿ, ಬಾಗಲಕೋಟೆ, ಮಂಡ್ಯ ಕಡೆಯ ಸಕ್ಕರೆ ಕಾರ್ಖಾನೆಗಳನ್ನು ನಂಬಿ ದುಡಿಯುವವರು ಮೂರು ಬಗೆ. ಕಾಯಂ ನೌಕರರು ಒಂದು. ಬಾಯ್ಲರ್ ಹೊತ್ತಿದಾಗ ಬಂದು, ನುರಿಸುವುದು ನಿಂತಾಗ ಮನೆಗೆ ಹೋಗುವ ಸೀಜನಲ್ ನೌಕರರು ಎರಡು. ಕಾರ್ಖಾನೆಯ ಗೇಟಿನೊಳಗೆ ಹೆಸರೇ ಇಲ್ಲದೆ ಗದ್ದೆಯಲ್ಲಿ ಕಬ್ಬು ಕಡಿಯುವ ಟೋಳಿಗಳು ಮೂರು. ಎರಡನೆಯವರಿಗೆ ಬಿಡುವಿನ ತಿಂಗಳುಗಳಲ್ಲಿ ಸಂಬಳದ ಒಂದು ಪಾಲನ್ನು ‘ರಿಟೆನ್ಷನ್ ಅಲೋಯನ್ಸ್’ ಎಂದು ಕೊಡುವ ಪದ್ಧತಿ ಈ ಉದ್ಯಮದಲ್ಲಿ ಹಳೆಯದು. ಅದರಲ್ಲಿ ದಯೆಗಿಂತ ಲೆಕ್ಕಾಚಾರ ಹೆಚ್ಚು. ಪಾಕದ ಹದ ಬಲ್ಲ ಪ್ಯಾನ್‌ಮನ್ ಮುಂದಿನ ವರ್ಷ ಬೇರೆ ಕಾರ್ಖಾನೆಯ ಪಾಲಾದರೆ ನಷ್ಟ ಮಾಲೀಕರದ್ದೇ. ಅದಕ್ಕೇ ಕಸುಬು ಬಲ್ಲವನಿಗೆ ಹೆಚ್ಚು ಪಾಲು, ಬರಿಗೈ ಕೂಲಿಗೆ ತೀರಾ ಕಡಿಮೆ. ಮೂರನೆಯವರಿಗೆ ಅದೂ ಇಲ್ಲ. ಅವರ ಲೆಕ್ಕವಿರುವುದು ಟೋಳಿಯನ್ನು ಕರೆತರುವ ಮುಕಾದಮನ ಹತ್ತಿರ, ಹಂಗಾಮಿಗೆ ಮೊದಲೇ ಪಡೆದು ಕಬ್ಬು ಕಡಿದು ತೀರಿಸುವ ಮುಂಗಡದ ರೂಪದಲ್ಲಿ.

ಈಗ ಎಥೆನಾಲ್ ಘಟಕ ಮಳೆಗಾಲದಲ್ಲೂ ಮೆಕ್ಕೆಜೋಳದ ಬಲದಿಂದ ನಡೆಯಿತು ಎನ್ನೋಣ. ಬಾಯ್ಲರ್ ನೋಡಿಕೊಳ್ಳುವವರಿಗೆ, ಲ್ಯಾಬಿನವರಿಗೆ ಕೆಲವು ತಿಂಗಳು ಹೆಚ್ಚು ಸಿಗಬಹುದು. ಯಾರ್ಡಿನಲ್ಲಿ ಕಬ್ಬಿನ ಗಾಡಿ ತೂಗುವವರಿಗೆ, ಗಾಡಿ ಖಾಲಿ ಮಾಡುವವರಿಗೆ, ಗದ್ದೆಯ ಟೋಳಿಗೆ ಒಂದು ದಿನವೂ ಹೆಚ್ಚುವುದಿಲ್ಲ. ಬಡ್ಡಿಯ ನೆರವು ಸಾಲಕ್ಕೆ ಕಟ್ಟಿದ್ದು. ಸಾಲ ಯಂತ್ರಕ್ಕೆ ಕಟ್ಟಿದ್ದು. ಎಥೆನಾಲ್ ನೀತಿಗೆ ಬೇರೆ ಉದ್ದೇಶಗಳಿವೆ, ಅದನ್ನು ಉದ್ಯೋಗ ಯೋಜನೆಯೆಂದು ಅಳೆಯುವುದು ಅನ್ಯಾಯ ಎನ್ನಬಹುದು. ಒಪ್ಪುತ್ತೇನೆ. ಆದರೆ ‘ವರ್ಷವಿಡೀ ಕೆಲಸ’ ಎಂಬ ಮಾತು ಕೇಳಿದೊಡನೆ ನಮ್ಮ ಆಡಳಿತಕ್ಕೆ ಮೊದಲು ನೆನಪಾಗುವುದು ಯಂತ್ರ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಹಂಗಾಮಿನ ಕೆಲಸವನ್ನು ಪ್ರಕೃತಿ ಮಾಡಿದ್ದೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಕಾನೂನೂ ಹಾಗೆಯೇ ಮಾಡಿದೆ. ಮಾಲೀಕರು ತಾತ್ಕಾಲಿಕವಾಗಿ ಕೆಲಸ ನಿಲ್ಲಿಸಿದರೆ ಕೆಲಸಗಾರನಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಲೇ-ಆಫ್ ಪರಿಹಾರ ಸಿಗಬೇಕು ಎನ್ನುತ್ತಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆ, ಹಂಗಾಮಿನ ಸ್ವರೂಪದ ಕಾರ್ಖಾನೆಗಳನ್ನು ಆ ಹೊಣೆಯಿಂದ ಹೊರಗಿಟ್ಟಿತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅದನ್ನೇ ಮುಂದುವರಿಸಿದೆ. 1948ರ ಇಎಸ್‌ಐ ಕಾಯ್ದೆ ಹತ್ತಿ ಜಿನ್ನಿಂಗ್, ಶೇಂಗಾ ಸುಲಿಯುವುದು, ಕಾಫಿ, ಚಹಾ, ಅರಗು, ಸಕ್ಕರೆ, ಬೆಲ್ಲ ಎಂದು ಪಟ್ಟಿ ಮಾಡಿ ಈ ಹಂಗಾಮಿನ ಕಾರ್ಖಾನೆಗಳನ್ನು ವಿಮೆಯ ಹೊರಗೆ ನಿಲ್ಲಿಸಿತು. ಕಬ್ಬು ಮಾಗುವ ಕಾಲವನ್ನು ಮಾಲೀಕರು ನಿರ್ಧರಿಸುವುದಿಲ್ಲ, ನಿಜ. ಆದರೆ ನಿಲುಗಡೆಯ ಖರ್ಚು ಯಾರ ತಲೆಯ ಮೇಲೆ ಬೀಳಬೇಕೆಂದು ನಿರ್ಧರಿಸಿದ್ದು ಪ್ರಕೃತಿಯಲ್ಲ, ಶಾಸನಸಭೆ. ಕೆಲಸ ನಿಲ್ಲಿಸುವುದಕ್ಕೆ ದುಡ್ಡು ಬೀಳದಿದ್ದರೆ ಅದನ್ನು ಮುಂದುವರಿಸುವ ದಾರಿಯನ್ನು ಯಾರೂ ಹುಡುಕುವುದಿಲ್ಲ.

ಆ ಖರ್ಚು ಎಲ್ಲೂ ಮಾಯವಾಗುವುದಿಲ್ಲ. ಪಡಿತರದ ಅಕ್ಕಿಯಲ್ಲಿ, ಕೈಸಾಲದಲ್ಲಿ, ಮುಂದಿನ ಹಂಗಾಮಿನ ಮುಂಗಡದಲ್ಲಿ ಅದು ಹಂಚಿಹೋಗುತ್ತದೆ. 2005ರ ಉದ್ಯೋಗ ಖಾತರಿ ಕಾಯ್ದೆ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನ ಕೆಲಸದ ಮಾತು ಕೊಟ್ಟಿದ್ದೂ ಹೊಲದಲ್ಲಿ ಕೆಲಸವಿಲ್ಲದ ತಿಂಗಳುಗಳನ್ನು ನೆನೆದೇ. ಆದ್ದರಿಂದ ‘ಖಾಸಗಿ ಉದ್ಯಮದ ಬಿಡುವಿಗೆ ಸರ್ಕಾರ ಏಕೆ ಹಣ ಕೊಡಬೇಕು’ ಎಂಬ ಆಕ್ಷೇಪ ಸ್ವಲ್ಪ ತಡವಾಗಿ ಬಂದದ್ದು. ಸಮಾಜ ಈಗಾಗಲೇ ಕೊಡುತ್ತಿದೆ. ಕೊಟ್ಟ ಹಣಕ್ಕೆ ಪ್ರತಿಯಾಗಿ ಒಂದು ದಿನದ ಕೆಲಸವಾದರೂ ಹೆಚ್ಚುತ್ತದೆಯೇ ಎಂದು ಕೇಳುವುದು ಉಳಿದಿದೆ.

ಹೀಗೆ ಕೇಳದೆ ಕೊಟ್ಟರೆ ಏನಾಗುತ್ತದೆಂದು ಕೆನಡಾವನ್ನು ನೋಡಿ ತಿಳಿಯಬಹುದು. ಅಲ್ಲಿನ ಅಟ್ಲಾಂಟಿಕ್ ಕರಾವಳಿಯ ಪ್ರಾಂತಗಳಲ್ಲಿ ಏಡಿ, ಸಿಗಡಿ ಸಂಸ್ಕರಣೆ, ಪ್ರವಾಸೋದ್ಯಮ ಎಲ್ಲವೂ ಹಂಗಾಮಿನವು. ಚಳಿಗಾಲವನ್ನು ದಾಟಿಸುವುದು ಉದ್ಯೋಗ ವಿಮೆ. ನೌಕರ ಕಟ್ಟುವ ವಂತಿಗೆಯ 1.4 ಪಟ್ಟು ಮಾಲೀಕರು ಕಟ್ಟಬೇಕು. ಹನ್ನೆರಡು ತಿಂಗಳು ಕೆಲಸ ಕೊಡುವವರಿಗೂ ನಾಲ್ಕೇ ತಿಂಗಳಿಗೆ ಮನೆಗೆ ಕಳಿಸುವವರಿಗೂ ಅದೇ ದರ. ಅಂದರೆ ವರ್ಷವಿಡೀ ನಡೆಯುವ ಉದ್ಯಮಗಳ ವಂತಿಗೆ ಹಂಗಾಮಿನ ಉದ್ಯಮಗಳ ಬಿಡುವನ್ನು ಸಾಕುತ್ತದೆ. ವಿಮೆ ಮುಗಿದು ಮುಂದಿನ ಹಂಗಾಮು ಶುರುವಾಗುವ ನಡುವಿನ ವಾರಗಳು ಬರಿದಾದಾಗ, 2018ರ ಆಗಸ್ಟ್‌ನಿಂದ 13 ಪ್ರದೇಶಗಳ ಹಂಗಾಮಿನ ಕೆಲಸಗಾರರಿಗೆ ಇನ್ನೂ ಐದು ವಾರದ ಭತ್ಯೆ ಸೇರಿಸಿದರು. ಇದರಿಂದ ಕರಾವಳಿಯ ಊರುಗಳು ಖಾಲಿಯಾಗದೆ ಉಳಿದವು, ಕಸುಬು ಬಲ್ಲ ಕೈಗಳು ಅಲ್ಲೇ ಉಳಿದವು. ಇದು ಸಣ್ಣ ಲಾಭವಲ್ಲ. ಆದರೆ ಹಂಗಾಮನ್ನು ಉದ್ದ ಮಾಡಲು ಯಾರಿಗೂ ಕಾರಣ ಸಿಗಲಿಲ್ಲ. ಅಮೆರಿಕದಲ್ಲಿ ಹೆಚ್ಚು ಜನರನ್ನು ಕೆಲಸದಿಂದ ಬಿಡಿಸಿದ ಮಾಲೀಕರಿಗೆ ನಿರುದ್ಯೋಗ ವಿಮೆಯ ದರ ಏರುತ್ತದೆ. ಆ ಕ್ರಮ ಒರಟು, ಆದರೂ ನಿಲುಗಡೆಗೆ ಒಂದು ಬೆಲೆಯಿದೆ ಎಂಬುದನ್ನು ಅದು ಮರೆಮಾಚುವುದಿಲ್ಲ.

ಜರ್ಮನಿಯ ಕಟ್ಟಡ ನಿರ್ಮಾಣ ಉದ್ಯಮ ಇದಕ್ಕಿಂತ ಚೊಕ್ಕವಾದ ದಾರಿ ಹಿಡಿದಿದೆ. ಹಿಮ ಸುರಿಯುವ ಕಾಲದಲ್ಲಿ ಅಲ್ಲಿ ಗಾರೆ ಕೆಲಸ ನಿಲ್ಲುತ್ತದೆ. ಹಿಂದೆ ಚಳಿಗಾಲ ಬಂತೆಂದರೆ ಕೆಲಸದಿಂದ ತೆಗೆಯುವುದು, ವಸಂತದಲ್ಲಿ ಮತ್ತೆ ಕರೆಯುವುದು ನಡೆದೇ ಇತ್ತು. 2006ರಲ್ಲಿ ಬಂದ ಏರ್ಪಾಡಿನಂತೆ ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ಹವೆಯಿಂದಲೋ ಕೆಲಸವಿಲ್ಲದೆಯೋ ನಷ್ಟವಾದ ಗಂಟೆಗಳಿಗೆ, ಕೈತಪ್ಪಿದ ನಿವ್ವಳ ಸಂಬಳದ ಶೇ 60, ಮಕ್ಕಳಿದ್ದವರಿಗೆ ಶೇ 67, ವಿಮಾ ನಿಧಿಯಿಂದ ಸಿಗುತ್ತದೆ. ಕೆಲಸಗಾರ ನೌಕರನಾಗಿಯೇ ಉಳಿಯುತ್ತಾನೆ. ಇದರ ಮೇಲೆ ಇನ್ನೊಂದು ಜಾಣ ಏರ್ಪಾಡಿದೆ: ಡಿಸೆಂಬರ್ 15ರಿಂದ ಫೆಬ್ರುವರಿ ಕೊನೆಯವರೆಗೆ, ಅಂದರೆ ಕಡು ಚಳಿಯಲ್ಲಿ, ದುಡಿದ ಪ್ರತಿ ಗಂಟೆಗೂ ಒಂದು ಯೂರೊ ಹೆಚ್ಚುವರಿ. ಆ ಹೆಚ್ಚುವರಿಯ ಹಣ ಬರುವುದು ಸರ್ಕಾರದ ಬೊಕ್ಕಸದಿಂದಲ್ಲ. ಅದೇ ಉದ್ಯಮದ ಸಂಬಳದ ಮೇಲಿನ ಶೇ 2ರ ವಂತಿಗೆಯಿಂದ, ಅದರಲ್ಲಿ 1.2 ಮಾಲೀಕರದ್ದು, 0.8 ಕೆಲಸಗಾರರದ್ದು. ಇಲ್ಲಿ ತಿಂಗಳು ಗೊತ್ತಿದೆ, ಗಂಟೆಯ ಲೆಕ್ಕವಿದೆ, ಹಂಗಾಮಿನಿಂದ ಲಾಭ ಪಡೆಯುವವರ ಪಾಲೂ ಇದೆ.

ಆದರೆ ಯಾವ ಹಂಗಾಮನ್ನು ಹಿಗ್ಗಿಸಬೇಕು ಎಂಬ ಪ್ರಶ್ನೆಯನ್ನು ಹಣದ ಪ್ರಶ್ನೆಗಿಂತ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆ, ಮಂಗಳೂರಿನ ಬಂದರುಗಳಲ್ಲಿ ಬೋಟುಗಳು ಸಾಲುಗಟ್ಟಿ ನಿಲ್ಲುತ್ತವೆ, ಮಂಜುಗಡ್ಡೆಯ ಘಟಕಕ್ಕೆ ಕೆಲಸ ಕಡಿಮೆ, ಮೀನು ಆರಿಸುವ ಹೆಂಗಸರಿಗೆ ಕೂಲಿಯಿಲ್ಲ. ಈ ಬಿಡುವನ್ನು ಹಣ ಕೊಟ್ಟು ಕಿರಿದು ಮಾಡಿದರೆ ಮೊಟ್ಟೆಯಿಡುವ ಮೀನನ್ನೇ ಬಾಚಿದಂತೆ. ನಾಳಿನ ಕೆಲಸವನ್ನು ಇಂದೇ ತಿಂದುಹಾಕಿದಂತೆ. ಇಂಥ ಕಡೆ ಸರ್ಕಾರ ಕೊಡಬೇಕಾದದ್ದು ಕೆಲಸವಲ್ಲ, ಆದಾಯ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಬಡ ಮೀನುಗಾರರು ತಾವೇ ಉಳಿಸಿದ 1,500 ರೂಪಾಯಿಗೆ ಸರ್ಕಾರ 3,000 ಸೇರಿಸುತ್ತದೆ. ಒಟ್ಟು 4,500, ಮೂರು ತಿಂಗಳಿಗೆ. ತತ್ವ ಸರಿ, ಮೊತ್ತ ನಾಚಿಕೆಗೇಡಿನದು.

ಇನ್ನು ಕೆಲವು ಹಂಗಾಮುಗಳು ಹೊಸ ಗಿರಾಕಿ ಸಿಕ್ಕರೆ ಹಿಗ್ಗುತ್ತವೆ. ಯಕ್ಷಗಾನ ಮೇಳಗಳ ತಿರುಗಾಟ ಮೇ ಕೊನೆಯ ವಾರದಲ್ಲಿ, ಪತ್ತನಾಜೆ ಎಂದು ಕರೆಯುವ ದಿನಕ್ಕೆ ನಿಲ್ಲುತ್ತದೆ. ಬಯಲಿನಲ್ಲಿ ರಂಗಸ್ಥಳ ಹಾಕಲು ಮಳೆ ಬಿಡುವುದಿಲ್ಲ. ಕಲಾವಿದರಲ್ಲಿ ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಸಂಜೆ ಹೊತ್ತು ಮನೆಮನೆಗೆ ಹೋಗಿ ಒಂದೊಂದು ಸಣ್ಣ ಪ್ರಸಂಗಭಾಗ ಆಡಿ ತೋರಿಸುತ್ತಾರೆ. ಬಯಲಿನ ಬದಲು ಚಾವಡಿ, ಇರುಳಿಡೀ ಆಟದ ಬದಲು ಕೆಲವೇ ನಿಮಿಷ, ಪ್ರೇಕ್ಷಕರೂ ಬೇರೆ. ಸಹಾಯಧನವಿಲ್ಲದೆ ಹಂಗಾಮು ಬೆಳೆಯಿತು, ಏಕೆಂದರೆ ಹೊಸ ಗಿರಾಕಿ ಸಿಕ್ಕ. ಗಿರಾಕಿಯನ್ನು ಸರ್ಕಾರ ಸೃಷ್ಟಿಸಲಾರದು. ಹೊಸ ಗಿರಾಕಿಯನ್ನು ಹುಡುಕುವ ಒಂದೆರಡು ವರ್ಷದ ನಷ್ಟವನ್ನು ಹಂಚಿಕೊಳ್ಳಬಲ್ಲದು, ಅಷ್ಟೆ. ಹಾಗಾಗಿ ಇಂಥ ನೆರವಿಗೆ ಮೊದಲ ದಿನವೇ ಕೊನೆಯ ದಿನಾಂಕ ಬರೆದಿರಬೇಕು, ವರ್ಷದಿಂದ ವರ್ಷಕ್ಕೆ ಅದು ಇಳಿಯುತ್ತ ಬರಬೇಕು. ಐದು ವರ್ಷವಾದರೂ ಸಹಾಯಧನವಿಲ್ಲದೆ ನಿಲ್ಲಲಾರದ ಹೆಚ್ಚುವರಿ ದಿನ, ವೇಷ ಮರೆಸಿಕೊಂಡ ಭತ್ಯೆ. ಭತ್ಯೆಯನ್ನು ಮಾಲೀಕರ ಕೈದಾಟಿಸಿ ಕೊಡುವುದಕ್ಕಿಂತ ನೇರ ಕೊಡುವುದು ಅಗ್ಗ.

ನಮ್ಮಲ್ಲಿ ಮಾಲೀಕರಿಗೆ ಉದ್ಯೋಗದ ಪ್ರೋತ್ಸಾಹಧನ ಕೊಡುವ ದೊಡ್ಡ ಯೋಜನೆಯೇ ಇದೆ. 2025ರ ಆಗಸ್ಟ್ 1ರಂದು ಜಾರಿಗೆ ಬಂದ ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ ಹೊಸದಾಗಿ ಸೇರಿಸಿಕೊಂಡ ಪ್ರತಿ ನೌಕರನಿಗೆ ತಿಂಗಳಿಗೆ 3,000 ರೂಪಾಯಿವರೆಗೆ ಎರಡು ವರ್ಷ ಮಾಲೀಕರಿಗೆ ಕೊಡುತ್ತದೆ. ತಯಾರಿಕಾ ವಲಯಕ್ಕೆ ನಾಲ್ಕು ವರ್ಷ. ನೌಕರ ಕನಿಷ್ಠ ಆರು ತಿಂಗಳು ಉಳಿದಿರಬೇಕು. ಅದು ಎಣಿಸುವುದು ತಲೆಗಳನ್ನು. ಐದು ತಿಂಗಳು ದುಡಿಯುತ್ತಿದ್ದ ಹಳೆಯ ಕೆಲಸಗಾರನಿಗೆ ಎರಡು ತಿಂಗಳು ಹೆಚ್ಚು ಕೆಲಸ ಕೊಟ್ಟ ಕಾರ್ಖಾನೆ ಹೊಸ ತಲೆ ಸೇರಿಸಿಲ್ಲ. ಅದರ ಶ್ರಮ ಈ ಲೆಕ್ಕಕ್ಕೆ ಬರುವುದೇ ಇಲ್ಲ.

ದಿನವನ್ನು ಎಣಿಸುವುದು ಕಷ್ಟ ಎನ್ನುವವರಿದ್ದಾರೆ. 1972ರ ಗ್ರ್ಯಾಚುಟಿ ಕಾಯ್ದೆ ಹಂಗಾಮಿನ ಕಾರ್ಖಾನೆ ನಡೆದ ದಿನಗಳಲ್ಲಿ ಶೇ 75ರಷ್ಟು ದಿನ ದುಡಿದವನಿಗೆ ಸೇವೆ ನಿರಂತರವೆಂದು ಒಪ್ಪಿ, ಪ್ರತಿ ಹಂಗಾಮಿಗೆ ಏಳು ದಿನದ ಕೂಲಿ ಕೊಡಿಸಿತು. ಪಿಎಫ್‌ಗೆ ತಿಂಗಳು ತಿಂಗಳು ಸಲ್ಲಿಸುವ ವಿವರದಲ್ಲಿ ಪ್ರತಿ ನೌಕರನಿಗೆ ವೇತನವಿಲ್ಲದ ದಿನಗಳ ಕಲಂ ಇದೆ. ಲೆಕ್ಕದ ಪುಸ್ತಕ ಇದೆ, ಅದನ್ನು ಈ ಉದ್ದೇಶಕ್ಕೆ ತೆರೆಯಬೇಕಷ್ಟೆ. ಕಾರ್ಖಾನೆಯ ಕಳೆದ ಮೂರು ವರ್ಷಗಳ ಸರಾಸರಿಗಿಂತ, ಅದೇ ಕೆಲಸಗಾರನಿಗೆ ಹೆಚ್ಚಾಗಿ ಸಿಕ್ಕ ದಿನಗಳ ಕೂಲಿಯಲ್ಲಿ ಒಂದು ಪಾಲನ್ನು ಸರ್ಕಾರ ಕೊಡಲಿ. ಸರಾಸರಿಯ ಒಳಗಿನ ದಿನಕ್ಕೆ ಒಂದು ಪೈಸೆಯೂ ಬೇಡ, ಏಕೆಂದರೆ ಆ ದಿನಗಳ ಕೆಲಸವನ್ನು ಮಾಲೀಕರು ಹೇಗೂ ಕೊಡುತ್ತಿದ್ದರು. ನೆರವಿನ ಹಣದಲ್ಲಿ ಒಂದಂಶ ಆ ಉದ್ಯಮದ್ದೇ ವಂತಿಗೆಯಿಂದ ಬರಲಿ.

ಎರಡು ಕಡೆ ಎಚ್ಚರ ಬೇಕು. ಒಂದು ವರ್ಷದಲ್ಲಿ 240 ದಿನ ದುಡಿದರೆ ನಿರಂತರ ಸೇವೆಯ ಹಕ್ಕು ಹುಟ್ಟುತ್ತದೆಂದು ಕೆಲಸವನ್ನು ಆ ಗೆರೆಯ ಈಚೆಗೇ ನಿಲ್ಲಿಸುವ ಆಸೆ ಯಾವ ಮಾಲೀಕರಿಗೂ ಬರುತ್ತದೆ. ಗೆರೆ ದಾಟಿಸಿದವರಿಗೆ ಹೆಚ್ಚು ಪಾಲು ಸಿಗುವಂತೆ ದರ ಇರಬೇಕು. ಇನ್ನೊಂದು, ಗುತ್ತಿಗೆಯವರು. ಕಬ್ಬು ಕಡಿಯುವ ಟೋಳಿಯ ಹೆಸರು ಯಾವ ಮಸ್ಟರ್‌ನಲ್ಲೂ ಇಲ್ಲದಿದ್ದರೆ, ಹಂಗಾಮು ಅತಿ ಚಿಕ್ಕದಿರುವವರೇ ನೆರವಿನಿಂದ ಹೊರಗುಳಿಯುತ್ತಾರೆ. ನೆರವು ಬೇಕೆನ್ನುವ ಕಾರ್ಖಾನೆ ಮೊದಲು ತನಗಾಗಿ ದುಡಿಯುವ ಟೋಳಿಗಳ ಹೆಸರುಗಳನ್ನು ಮಸ್ಟರ್‌ಗೆ ತರಬೇಕು, ಅವರು ಯಾರ ಕೈಯಿಂದ ಕೂಲಿ ಪಡೆದರೂ ಸರಿ. ಹಣದ ಆಸೆಯಿಂದಲಾದರೂ ಆ ಹೆಸರುಗಳು ಕಾಗದಕ್ಕೆ ಬಂದರೆ, ಯೋಜನೆಯ ಅರ್ಧ ಪ್ರಯೋಜನ ಒಂದು ದಿನದ ಕೂಲಿ ಕೊಡುವ ಮೊದಲೇ ಸಿಕ್ಕಂತೆ.

ಇಷ್ಟು ಮಾಡಿದರೂ ಎಲ್ಲ ಹಂಗಾಮೂ ಹಿಗ್ಗುವುದಿಲ್ಲ. ಕಬ್ಬು ತನ್ನ ಕಾಲಕ್ಕೇ ಮಾಗುತ್ತದೆ, ಕಾಫಿ ತನ್ನ ಕಾಲಕ್ಕೇ ಹಣ್ಣಾಗುತ್ತದೆ. ಕೆಲವು ಕಡೆ ಹದಿನೈದು ದಿನ ಹೆಚ್ಚಬಹುದು, ಕೆಲವು ಕಡೆ ಎರಡು ತಿಂಗಳು, ಕೆಲವು ಕಡೆ ಏನೂ ಹೆಚ್ಚದು. ಅಂಥಲ್ಲಿ ಹಣವೂ ಹೋಗುವುದಿಲ್ಲ. ದಿನಕ್ಕೆ ಕಟ್ಟಿದ ನೆರವಿನ ಅನುಕೂಲವೇ ಇದು: ವಿಫಲವಾದ ಯೋಜನೆಗೆ ಬೊಕ್ಕಸ ತೆರಬೇಕಾದ ಬೆಲೆ ಕಡಿಮೆ. ಯಂತ್ರಕ್ಕೆ ಕೊಟ್ಟ ಬಡ್ಡಿಯಾದರೆ ಯಾರಿಗೆ ಕೆಲಸ ಸಿಕ್ಕಿತೆಂದು ತಿಳಿಯುವ ಮೊದಲೇ ಖರ್ಚಾಗಿರುತ್ತದೆ. ಮುಂದೆ ಯಾವುದೇ ಸಚಿವರು ‘ವರ್ಷವಿಡೀ ಕೆಲಸ’ ಎಂದು ಹೊಸ ನೆರವು ಪ್ರಕಟಿಸಿದಾಗ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಹೋದ ವರ್ಷ ಇದೇ ಕಾರ್ಖಾನೆಯಲ್ಲಿ ಇದೇ ಕೆಲಸಗಾರ ಎಷ್ಟು ದಿನ ದುಡಿದ, ಈ ವರ್ಷ ಎಷ್ಟು ದಿನ ದುಡಿಯುತ್ತಾನೆ? ಈ ಎರಡು ಅಂಕಿಗಳನ್ನು ಕೊಡಲಾಗದ ಯೋಜನೆಗೆ ಕೆಲಸಗಾರನ ಹೆಸರಿನಲ್ಲಿ ಹಣ ಕೇಳುವ ಹಕ್ಕಿಲ್ಲ.