ಎರಡು ಬಾಟಲಿ ರಕ್ತ ಏಕೆ ಬೇಕಾಯಿತು?

ಕಳೆದ ಮಳೆಗಾಲದಲ್ಲಿ ವಟ್ವಾದ ನಮ್ಮ ಸೊಸೈಟಿಯ ಕೆಳಮನೆಯ ಕಾಕಿ ಗರ್ಭಕೋಶದ ಆಪರೇಷನ್ ಮಾಡಿಸಿಕೊಂಡು ಬಂದರು. ವಿಮೆಯ ಅರ್ಜಿ ತುಂಬಿಕೊಡಿ ಎಂದು ಅವರ ಮಗ ಡಿಸ್ಚಾರ್ಜ್ ಸಮ್ಮರಿ ಹಿಡಿದು ನನ್ನ ಬಳಿ ಬಂದ. ಅನುವಾದ ಮಾಡುವವರೆಂದರೆ ಅರ್ಜಿ ಬರೆಯುವವರು ಎಂಬುದೇ ಇಲ್ಲಿನ ಲೆಕ್ಕ.

ಕಂಪ್ಯೂಟರಿನಿಂದ ಬಂದ ಆ ಕಾಗದದಲ್ಲಿ ಎರಡು ಕಡೆ 'ಪಿಸಿವಿ' ಎಂದಿತ್ತು. ಒಂದು ಕಡೆ 'ಪಿಸಿವಿ 28', ಇನ್ನೊಂದು ಕಡೆ '2 ಪಿಸಿವಿ ಕೊಡಲಾಗಿದೆ'. ಮೊದಲನೆಯದು ರಕ್ತದಲ್ಲಿ ಕೆಂಪುಕಣಗಳ ಪಾಲು ಶೇ. 28 ಎಂಬ ಲ್ಯಾಬ್ ಫಲಿತಾಂಶ. ಎರಡನೆಯದು ಎರಡು ಚೀಲ ಕೆಂಪುಕಣ. (ಗಾಜಿನ ಬಾಟಲಿ ಹೋಗಿ ಪ್ಲಾಸ್ಟಿಕ್ ಚೀಲ ಬಂದು ಎಷ್ಟೋ ಕಾಲವಾಯಿತು, ನಮ್ಮ ಬಾಯಲ್ಲಿ ಮಾತ್ರ ಇನ್ನೂ ಬಾಟಲಿಯೇ.) ನಮ್ಮ ಆಸ್ಪತ್ರೆಗಳಲ್ಲಿ ಈ ಮೂರಕ್ಷರ ಎರಡೂ ಅರ್ಥಕ್ಕೆ ದುಡಿಯುತ್ತದೆ. ವಾರ್ಡಿನ ನರ್ಸಿಗೆ ಗೊಂದಲವಾಗುವುದಿಲ್ಲ. ಸಾವಿರಾರು ದಾಖಲೆಗಳನ್ನು ಒಟ್ಟಿಗೆ ಓದಬೇಕಾದ ಯಂತ್ರಕ್ಕೆ ಆಗುತ್ತದೆ.

ಆ ಕಾಗದದಲ್ಲಿ ಇಲ್ಲದೇ ಇದ್ದದ್ದು ಒಂದೇ: ಏಕೆ ಕೊಟ್ಟರು ಎಂಬುದು. ಆಪರೇಷನ್ನಿಗೆ ಮೊದಲು ಹಿಮೋಗ್ಲೋಬಿನ್ 9.2 ಇತ್ತು. ಒಳಗೆ ಎಷ್ಟು ರಕ್ತ ಹೋಯಿತು, ಬಿ.ಪಿ. ಇಳಿಯಿತೇ, ಒಂದು ಚೀಲ ಕೊಟ್ಟ ಮೇಲೆ ಮತ್ತೆ ಪರೀಕ್ಷೆ ಮಾಡಿದರೇ, ಒಂದೂ ಇಲ್ಲ. ಬದಲಿಗೆ ರಕ್ತ ಕೊಡುವವರನ್ನು ಹುಡುಕಲು ಮಗ ಜಿಐಡಿಸಿಯ ಬಣ್ಣದ ಕಾರ್ಖಾನೆಯಲ್ಲಿ ಎರಡು ಪಾಳಿಯ ಕೂಲಿ ಕಳೆದುಕೊಂಡಿದ್ದ.

ಧಾರವಾಡದಲ್ಲಿ ನನ್ನ ಅಕ್ಕನಿಗೂ ಇದೇ ಆಪರೇಷನ್ ಆಗಿತ್ತು. ಅವಳ ಹಿಮೋಗ್ಲೋಬಿನ್ನೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿಯ ಡಾಕ್ಟರು ಒಂದು ತಿಂಗಳು ಮೊದಲೇ ಕಬ್ಬಿಣಾಂಶದ ಇಂಜೆಕ್ಷನ್ ಕೊಟ್ಟು, ಆಮೇಲೆ ಆಪರೇಷನ್ ಮಾಡಿದರು. ರಕ್ತ ಬೇಕಾಗಲಿಲ್ಲ. ಹಾಗಂತ ಇಲ್ಲಿಯವರು ತಪ್ಪು ಎನ್ನಲಾರೆ. ಕಾಕಿಗೆ ನಿಜಕ್ಕೂ ರಕ್ತಸ್ರಾವ ಜೋರಾಗಿದ್ದಿರಬಹುದು. ಇಬ್ಬರು ಹೆಂಗಸರನ್ನು ಹೋಲಿಸಿದರೆ ಅದು ಕಟ್ಟೆಯ ಮೇಲಿನ ಹರಟೆ. ಒಂದೇ ಬಗೆಯ ಸಾವಿರ ಆಪರೇಷನ್‌ಗಳನ್ನು ಹೋಲಿಸಿದರೆ ಅದು ತಿಳಿವಳಿಕೆ, ಮತ್ತು ಅದಕ್ಕೆ ಆಸ್ಪತ್ರೆಯ ಕಂಪ್ಯೂಟರ್ ದಾಖಲೆಗಳೇ ಬೇಕು.

ಹಿಮೋಗ್ಲೋಬಿನ್ 10ಕ್ಕಿಂತ ಇಳಿದರೆ ರಕ್ತ ಹಾಕಬೇಕು ಎಂಬುದು ಬಹುಕಾಲ ವೈದ್ಯರ ರೂಢಿಯಾಗಿತ್ತು. ಕೆನಡಾದಲ್ಲಿ ತೀವ್ರ ನಿಗಾ ಘಟಕದ 838 ರೋಗಿಗಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಪ್ರಯೋಗ, 7ರವರೆಗೆ ಕಾದು ಕೊಟ್ಟರೂ ಸಾವು ಹೆಚ್ಚುವುದಿಲ್ಲ ಎಂದು ತೋರಿಸಿತು. ಆದರೂ ರೂಢಿ ಅಷ್ಟು ಬೇಗ ಬಿಡಲಿಲ್ಲ. ಅಮೆರಿಕದಲ್ಲಿ 2008ರಲ್ಲಿ ನಡೆದ ಹೃದಯದ ಬೈಪಾಸ್ ಆಪರೇಷನ್‌ಗಳನ್ನು ಹೋಲಿಸಿ ನೋಡಿದಾಗ, ಕೆಂಪುಕಣ ಪಡೆದ ರೋಗಿಗಳು ಒಂದು ಆಸ್ಪತ್ರೆಯಲ್ಲಿ ಶೇ. 7.8, ಇನ್ನೊಂದರಲ್ಲಿ ಶೇ. 92.8! ರೋಗಿಗಳ ಸ್ಥಿತಿಯೊಂದರಿಂದಲೇ ಇಷ್ಟು ಅಂತರ ಬರುವುದಿಲ್ಲ. ಸ್ಟ್ಯಾನ್‌ಫರ್ಡ್ ಆಸ್ಪತ್ರೆಯಲ್ಲಿ 2010ರಿಂದ, ಹಿಮೋಗ್ಲೋಬಿನ್ ಮಿತಿಗಿಂತ ಮೇಲಿದ್ದಾಗ ಡಾಕ್ಟರು ರಕ್ತಕ್ಕೆ ಆರ್ಡರ್ ಹಾಕಿದರೆ ಪರದೆಯೇ ಕಾರಣ ಕೇಳತೊಡಗಿತು. ಕಾರಣ ಕೊಟ್ಟು ಮುಂದುವರಿಯಬಹುದಿತ್ತು, ತಡೆಯೇನೂ ಇರಲಿಲ್ಲ. ಬರೀ ಕೇಳಿದ್ದಕ್ಕೇ 2012ರ ಹೊತ್ತಿಗೆ ಕೆಂಪುಕಣದ ಬಳಕೆ ಸುಮಾರು ಕಾಲುಭಾಗ ಇಳಿಯಿತು.

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. 2012ರಲ್ಲಿ ಶುರುವಾದ ಹಿಮೋವಿಜಿಲೆನ್ಸ್ ಕಾರ್ಯಕ್ರಮ ರಕ್ತ ಪಡೆದವರಿಗೆ ಆದ ತೊಂದರೆಗಳನ್ನು ದಾಖಲಿಸುತ್ತದೆ. 2016ರ ಇ-ರಕ್ತಕೋಶ ಯಾವ ಕೇಂದ್ರದಲ್ಲಿ ಯಾವ ಗುಂಪಿನ ರಕ್ತವಿದೆ ಎಂದು ತೋರಿಸುತ್ತದೆ. 2021ರಿಂದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ನಮಗೆಲ್ಲ 14 ಅಂಕಿಯ ಸಂಖ್ಯೆ ಹಂಚುತ್ತಿದೆ. ಪಿಸಿವಿಯಂಥ ಪದಗಳ ಒಂದೊಂದು ಅರ್ಥಕ್ಕೂ ಬೇರೆ ಬೇರೆ ಸಂಕೇತ ಕೊಡುವ ಸ್ನೋಮೆಡ್ ಪದಕೋಶವನ್ನು ಸರ್ಕಾರದ ಮಾನದಂಡಗಳು 2013ರಲ್ಲೇ ಶಿಫಾರಸು ಮಾಡಿವೆ. ಕೊಂಡಿ ಕಳಚಿರುವುದು ರಕ್ತಕೇಂದ್ರದ ಕಿಟಕಿಯ ಆಚೆ. ಚೀಲ ಯಾವ ಕಾರಣಕ್ಕೆ ಹಾಸಿಗೆಯ ಪಕ್ಕ ಸೇರಿತು ಎಂಬುದು ಇವುಗಳಿಂದ ತಿಳಿಯುವುದಿಲ್ಲ.

ಭಾಷಾಶಾಸ್ತ್ರ ಓದಿದ ಚಾಳಿ, ನನ್ನ ಕಣ್ಣು ಕ್ರಿಯಾಪದಕ್ಕೇ ಹೋಗುತ್ತದೆ. 'ರಕ್ತ ಕೊಟ್ಟರು' ಎಂದರೆ ಕನ್ನಡದಲ್ಲಿ ದಾನಿಯೂ ಆಗಬಹುದು, ಡಾಕ್ಟರೂ ಆಗಬಹುದು. ಗುಜರಾತಿಯವರು ಲೋಹಿ 'ಚಢಾವ್ಯುಂ' ಎನ್ನುತ್ತಾರೆ, ಏರಿಸಿದರು ಎಂದು. ಅಲ್ಲಿ ಗೊಂದಲವಿಲ್ಲ. ಆಸ್ಪತ್ರೆಯ ದಾಖಲೆಯಲ್ಲಂತೂ ರಕ್ತ ಬರೆದುಕೊಟ್ಟದ್ದು, ತೆಗೆದಿಟ್ಟದ್ದು, ಕಿಟಕಿಯಿಂದ ಹೊರಬಂದದ್ದು, ಕೊನೆಗೆ ಮೈಗೆ ಏರಿದ್ದು, ಇವು ನಾಲ್ಕು ಬೇರೆ ಘಟನೆಗಳು. ಹೊರಬಂದ ಚೀಲವನ್ನೇ ಏರಿದ ಚೀಲ ಎಂದು ಎಣಿಸಿದರೆ ಹೋಲಿಕೆ ಮೊದಲ ಹೆಜ್ಜೆಯಲ್ಲೇ ಎಡವುತ್ತದೆ.

ಹೋಲಿಕೆಯಿಂದ ಅನ್ಯಾಯವಾಗುತ್ತದೆ ಎಂದು ಡಾಕ್ಟರುಗಳು ಅಂಜುವುದು ಸುಳ್ಳಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಗುಜರಾತಿನಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 65 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಶೇ. 47.8. ದಕ್ಷಿಣ ಗುಜರಾತಿನ ಆದಿವಾಸಿಗಳಲ್ಲಿ ಸಿಕಲ್ ಸೆಲ್ ಕಾಯಿಲೆ ಹೆಚ್ಚು. ಥಲಸ್ಸೇಮಿಯಾದ ಮಕ್ಕಳಿಗೆ ಕೆಲವು ವಾರಕ್ಕೊಮ್ಮೆ ರಕ್ತ ಬೇಕೇ ಬೇಕು. ಬರೀ ಚೀಲ ಎಣಿಸಿ ಸೂರತ್ತನ್ನೂ ಅಹಮದಾಬಾದನ್ನೂ ಸಾಲಿನಲ್ಲಿ ನಿಲ್ಲಿಸಿದರೆ, ಬಡವರಿಗೆ ಬಾಗಿಲು ತೆರೆದಿಟ್ಟ ಆಸ್ಪತ್ರೆಯೇ ದುಂದುಗಾರ ಅನಿಸಿಕೊಳ್ಳುತ್ತದೆ. ಅದಕ್ಕೇ ಒಂದೇ ಆಪರೇಷನ್, ಒಂದೇ ಮಟ್ಟದ ಆರಂಭದ ಹಿಮೋಗ್ಲೋಬಿನ್ ಇಟ್ಟುಕೊಂಡೇ ಹೋಲಿಸಬೇಕು. ರೋಗಿಗಳ ಹೆಸರು ಬೇಕಿಲ್ಲ. ಫಲಿತಾಂಶ ಮೊದಲು ಆಯಾ ವಿಭಾಗದ ಡಾಕ್ಟರುಗಳ ಕೈಸೇರಲಿ, ಪತ್ರಿಕೆಯ ತಲೆಬರಹಕ್ಕಲ್ಲ. ತಿದ್ದಿಕೊಳ್ಳಲು ಒಂದೆರಡು ವರ್ಷ ಕೊಟ್ಟ ಮೇಲೆ ನಮಗೂ ತೋರಿಸಲಿ, ಏಕೆಂದರೆ ಆ ರಕ್ತ ನಮ್ಮದು.

ಇದಕ್ಕೆ ಹೊಸ ಸಾಫ್ಟ್‌ವೇರ್ ಏನೂ ಬೇಡ. ರಕ್ತ ಕೇಳಿ ಬರೆಯುವ ಚೀಟಿಯಲ್ಲಿ ಹಿಮೋಗ್ಲೋಬಿನ್, ಕಾರಣ ಎಂಬ ಖಾನೆಗಳು ಸಾಮಾನ್ಯವಾಗಿ ಈಗಲೂ ಇರುತ್ತವೆ. ಆ ಚೀಟಿ ಕಂಪ್ಯೂಟರಿಗೆ ಬರಲಿ, ಖಾನೆ ಖಾಲಿಯಿದ್ದರೆ ಮುಂದೆ ಹೋಗದಿರಲಿ, 'ಅನೀಮಿಯಾ' ಎಂಬ ಒಂದೇ ಪದಕ್ಕೆ ತೃಪ್ತಿಪಡದಿರಲಿ. ನಡುರಾತ್ರಿ ಹೆರಿಗೆ ವಾರ್ಡಿನಲ್ಲಿ ರಕ್ತ ಸುರಿಯುತ್ತಿರುವಾಗ ಯಾರೂ ಖಾನೆ ತುಂಬುತ್ತ ಕೂರಲಾರರು. ಆಗ 'ತುರ್ತು' ಎಂದು ಒತ್ತಿ ಚೀಲ ಒಯ್ಯಲಿ, ಕಾರಣವನ್ನು ಮರುದಿನ ಬರೆಯಲಿ.