ಎಳೆಯೊಳಗಣ ಎಳೆ

ಅರೆವಾಹಕವೆಂದೊಡನೆ ವಿದ್ಯಾರ್ಥಿಗಳ ಕಣ್ಣ ಮುಂದೆ ನಿಲ್ಲುವುದು ಸಾವಿರಾರು ಕೋಟಿ ರೂಪಾಯಿಗಳ ಕಾರ್ಖಾನೆ, ಧೂಳಿಲ್ಲದ ಕೊಠಡಿ, ಮೈತುಂಬ ಬಿಳಿಯ ಉಡುಪು ಧರಿಸಿದ ತಂತ್ರಜ್ಞರು. ನವಲಗುಂದ, ಕುಂದಗೋಳ, ಕಲಘಟಗಿಗಳಲ್ಲಿ ಓದುವ ತರುಣರು ಈ ವಿದ್ಯೆ ತಮಗೆ ನಿಲುಕದೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಆ ಭಾವನೆಯನ್ನು ನಾವು ಒಪ್ಪಲಾರೆವು. ಅರೆವಾಹಕವನ್ನು ನ್ಯಾನೋಮೀಟರಿನ, ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿನ, ಅಳತೆಗೆ ಇಳಿಸುವ ಮಾರ್ಗಗಳಲ್ಲಿ ಒಂದು ನೂಲುವವರ ಕೆಲಸಕ್ಕೆ ತೀರ ಹತ್ತಿರದ್ದು.

ಪ್ರಯೋಗಶಾಲೆಯಲ್ಲಿ ಗಾಜಿನ ನಳಿಕೆಯನ್ನು ಜ್ವಾಲೆಯಲ್ಲಿ ಮೆತ್ತಗಾಗಿಸಿ ಎಳೆದವರು ಒಂದು ಸಂಗತಿಯನ್ನು ಕಂಡಿರಬಹುದು. ನಳಿಕೆ ಕೂದಲಿನಷ್ಟು ತೆಳುವಾದರೂ ಒಳಗಿನ ತೂತು ಮುಚ್ಚಿಹೋಗುವುದಿಲ್ಲ. ಅದೂ ಜೊತೆಜೊತೆಗೆ ಕಿರಿದಾಗುತ್ತದೆ. ಜಾತ್ರೆಯಲ್ಲಿ ಬೊಂಬಾಯಿ ಮಿಠಾಯಿ ಮಾರುವವನು ಕೋಲಿಗೆ ಸುತ್ತಿದ ಪಾಕವನ್ನು ಎಳೆಯುವಾಗಲೂ ಅದರ ಬಣ್ಣದ ಗೆರೆಗಳು ಒಂದರೊಳಗೊಂದು ಕಲೆಯುವುದಿಲ್ಲ. ಈಗ ಗಾಜಿನ ಬದಲು ಪಾಲಿಮರನ್ನೂ ತೂತಿನಲ್ಲಿ ಅರೆವಾಹಕವನ್ನೂ ಊಹಿಸಿಕೊಳ್ಳಿರಿ.

ತುರ್ಕಿಯ ಅಂಕಾರಾ ನಗರದ ಬಿಲ್ಕೆಂಟ್ ವಿಶ್ವವಿದ್ಯಾಲಯದಲ್ಲಿ ಮೆಹ್ಮೆತ್ ಬಾಯಿಂದಿರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ವಿಧಾನ ಇದೇ. ಪಾಲಿಮರಿನಲ್ಲಿ ಹುದುಗಿಸಿದ ಅರೆವಾಹಕದ ದಂಡವನ್ನು ಕಾಯಿಸಿ ಎಳೆಯುವುದು; ಬಂದ ಎಳೆಯನ್ನು ತುಂಡರಿಸಿ, ತುಂಡುಗಳನ್ನು ಕಟ್ಟಾಗಿ ಕಟ್ಟಿ, ಮತ್ತೆ ಪಾಲಿಮರಿನಲ್ಲಿ ಸುತ್ತಿ ಮತ್ತೆ ಎಳೆಯುವುದು. ಒಂದು ಲೆಕ್ಕ ಮಾಡಿ ನೋಡೋಣ. ಒಳಗಿನ ಕಂಬಿಯ ದಪ್ಪ 10 ಮಿಲಿಮೀಟರ್. ಒಂದೊಂದು ಎಳೆತಕ್ಕೂ ಅದು 50ರಲ್ಲೊಂದು ಪಾಲಿಗೆ ಇಳಿಯಲಿ. ಮೊದಲನೆಯದಕ್ಕೆ 0.2 ಮಿಲಿಮೀಟರ್, ಎರಡನೆಯದಕ್ಕೆ 4 ಮೈಕ್ರೋಮೀಟರ್, ಮೂರನೆಯದಕ್ಕೆ 80 ನ್ಯಾನೋಮೀಟರ್! ದ್ರವ್ಯವು ಎಲ್ಲಿಗೂ ಹೋಗದಿರುವುದರಿಂದ ಉದ್ದವು ಪ್ರತಿಸಲವೂ 2500 ಪಟ್ಟು ಬೆಳೆಯಲೇಬೇಕು. 20 ಸೆಂಟಿಮೀಟರಿನ ದಂಡವು ಒಂದೇ ಎಳೆತಕ್ಕೆ 500 ಮೀಟರಿನ ಎಳೆಯಾಗುತ್ತದೆ. ಅಂಕಾರಾದವರು 15 ನ್ಯಾನೋಮೀಟರಿಗಿಂತಲೂ ತೆಳುವಾದ ತಂತುಗಳನ್ನು ನೂರಾರು ಮೀಟರ್ ಉದ್ದಕ್ಕೆ ಪಡೆದರು.

ನ್ಯಾನೋತಂತುಗಳು ನಮ್ಮ ನಾಡಿಗೆ ಹೊಸವಲ್ಲ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ. ಎನ್. ಆರ್. ರಾವ್ ಮತ್ತು ಸಹೋದ್ಯೋಗಿಗಳು ಸೆಲೆನಿಯಂ ಧಾತುವಿನ ನ್ಯಾನೋತಂತುಗಳನ್ನು ರಾಸಾಯನಿಕ ವಿಧಾನದಿಂದ ಬೆಳೆಸಿದ್ದಾರೆ. ಆ ಕುರಿತ ಪ್ರಬಂಧವು 2003ರಲ್ಲಿ ಪ್ರಕಟವಾಯಿತು. ಹಾಗೆ ಬೆಳೆದ ತಂತುಗಳು ಸಾಮಾನ್ಯವಾಗಿ ಅಣ್ಣಿಗೇರಿಯ ಹತ್ತಿಯ ರಾಶಿಯಂತೆ ದಿಕ್ಕಿಲ್ಲದೆ ಬಿದ್ದಿರುತ್ತವೆ. ಎಳೆತದಿಂದ ಬಂದವು ಹಂಜಿಯೊಳಗಿನ ನಾರಿನಂತೆ, ಅದಕ್ಕಿಂತಲೂ ಶಿಸ್ತಾಗಿ, ಸಾಲುಗೂಡಿ ಮಲಗಿರುತ್ತವೆ.

ಕೆಲಸವು ಸುಲಭವೆಂದು ಮಾತ್ರ ನಾವು ಹೇಳುವುದಿಲ್ಲ. ಸಿಲಿಕಾನ್ ಕರಗುವುದು 1414 ಡಿಗ್ರಿ ಸೆಲ್ಸಿಯಸ್‌ನಲ್ಲಿ; ಅಷ್ಟು ಕಾವಿಗೆ ಯಾವ ಪಾಲಿಮರೂ ಉಳಿಯದು. 221 ಡಿಗ್ರಿಗೆ ಕರಗುವ ಸೆಲೆನಿಯಮ್ಮಿನಂಥ ದ್ರವ್ಯಗಳೇ ಬೇಕು. ಕರಗಿದ ಎಳೆಯು ತೆಳುವಾದಷ್ಟೂ, ನಲ್ಲಿಯ ಸಣ್ಣ ಧಾರೆಯಂತೆ, ಹನಿಹನಿಯಾಗಿ ಒಡೆಯಲು ಹವಣಿಸುತ್ತದೆ. ಸುತ್ತಲಿನ ಪಾಲಿಮರಿನ ಜಿಗುಟು ಅದನ್ನು ತಡೆದು ನಿಲ್ಲಿಸಬೇಕು. ಹನಿಯಾಗುವ ಮೊದಲೇ ಎಳೆ ತಣಿದು ಗಟ್ಟಿಯಾಗಬೇಕು. ಈ ಕೆಲಸಕ್ಕೆ ಬಳಸುವ ಆರ್ಸೆನಿಕ್ ಸೆಲೆನೈಡ್ ವಿಷ. ಅದನ್ನು ಮುಟ್ಟುವ ಪ್ರಯೋಗಶಾಲೆಗೆ ಶಿಸ್ತು ಬೇಕು. ಇನ್ನು ಇಷ್ಟು ತೆಳುವಾದ ತಂತಿನ ತುದಿಗೆ ವಿದ್ಯುತ್ ಜೋಡಿಸುವುದಂತೂ ಬೇರೆಯೇ ಸಾಹಸ.

ಉಪಯೋಗವೇನೆಂದು ಕೇಳುವವರಿದ್ದಾರೆ. ಬೆಳಕು ಬಿದ್ದಾಗ ಸೆಲೆನಿಯಂ ವಿದ್ಯುತ್ತನ್ನು ಹೆಚ್ಚು ಸರಾಗವಾಗಿ ಹರಿಯಗೊಡುತ್ತದೆಂದು 1873ರಲ್ಲಿಯೇ ವಿಲೋಬಿ ಸ್ಮಿತ್ ತಿಳಿಸಿದ್ದನು. ಅಂಥ ಎಳೆಯನ್ನು ನೇಯ್ದ ಬಟ್ಟೆ ಬೆಳಕನ್ನು ಅರಿಯಬಲ್ಲುದು. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಯೋಯೆಲ್ ಫಿಂಕ್ ತಂಡದವರು 2018ರಲ್ಲಿ ಸಿದ್ಧ ಡಯೋಡುಗಳನ್ನೇ ಪಾಲಿಮರ್ ಎಳೆಯೊಳಗೆ ಸೇರಿಸಿ ಬಟ್ಟೆ ನೇಯಿಸಿದರು. ಹತ್ತು ಸಲ ಒಗೆದರೂ ಅವು ಕೆಲಸ ಮಾಡಿದವು.

ಪಾಲಿಮರ್ ಎಂದರೆ ನಮ್ಮ ಜಿಲ್ಲೆಯಲ್ಲಿ ಕೆಲವರು ಹುಬ್ಬು ಗಂಟಿಕ್ಕುವುದುಂಟು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ದೊರೆತುದು ಗರಗದಂಥ ಖಾದಿಯ ಊರು ಮರೆಯುವ ಸಂಗತಿಯಲ್ಲ. ಅದು ಅಗ್ಗದ ಎಳೆ ಹತ್ತಿಯನ್ನು ತಳ್ಳಿದ ಕಥೆ. ಇಲ್ಲಿಯ ಎಳೆಯಾದರೋ ಹತ್ತಿ ಮಾಡದ ಕೆಲಸವನ್ನು ಹತ್ತಿಯ ಪಕ್ಕದಲ್ಲಿಯೇ ನಿಂತು ಮಾಡುವಂಥದು. ನವಲಗುಂದದ ಹೆಣ್ಣುಮಕ್ಕಳು ನೆಟ್ಟ ಮಗ್ಗದಲ್ಲಿ ಜಮಖಾನೆ ನೇಯುವಾಗ ಹಾಸು ಹೊಕ್ಕುಗಳನ್ನು ಅಳೆಯುವ ಕಣ್ಣು, ಇಂಥ ಬಟ್ಟೆಯಲ್ಲಿ ಯಾವ ಎಳೆ ಎಲ್ಲಿ ಬರಬೇಕೆಂಬುದನ್ನೂ ಅಳೆಯಬಲ್ಲುದು.

ಎಳೆಯುವ ಗೋಪುರಕ್ಕೆ ಬೇಕಾದುದು ಒಂದು ಕುಲುಮೆ, ನಿಧಾನವಾಗಿ ತಿರುಗುವ ಮೋಟಾರು, ದಪ್ಪವನ್ನು ಅಳೆಯುವ ಸಾಧನ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪಾಲಿಮರುಗಳ ಅಧ್ಯಯನ ದಶಕಗಳಿಂದ ನಡೆದಿದೆ; 2016ರಿಂದ ಭಾರತೀಯ ತಂತ್ರಜ್ಞಾನ ಸಂಸ್ಥೆಯೂ ಧಾರವಾಡದಲ್ಲಿದೆ. ಜಿಲ್ಲೆಯ ಯಾವ ಕಾಲೇಜಿನ ವಿದ್ಯಾರ್ಥಿಯಾದರೂ ಬಸ್ಸಿನಲ್ಲಿ ಬಂದು ಕೈಯಾಡಿಸುವಂತೆ ಇಂಥದೊಂದು ಗೋಪುರ ಅಲ್ಲಿರಬೇಕೆಂಬುದು ನಮ್ಮ ಬೇಡಿಕೆ. ಮೊದಲ ವರ್ಷ ಬರಿಯ ಪಾಲಿಮರ್ ದಂಡವನ್ನೇ ಎಳೆದು, ಮೇಲಿನ ಉದ್ದ ದಪ್ಪಗಳ ಲೆಕ್ಕ ಹೊಂದುವುದೋ ಇಲ್ಲವೋ ಅಳೆದು ನೋಡಲಿ. ಸೆಲೆನಿಯಂ ಎರಡನೆಯ ವರ್ಷಕ್ಕಿರಲಿ.